ಮೇಲೆ ಮಸಾರಿ, ಕೆಳಗೆ ಎರೆ: ಮರಳು ಹಾಕಬೇಕಾ, ಸುಣ್ಣವಾ, ಕೆರೆ ಹೂಳಾ?

ಎರೆಹೊಲ ಹರಿಹರ

ಎಲ್ಲರಿಗೂ ನಮಸ್ಕಾರ. ಹರಿಹರ ತಾಲ್ಲೂಕು, ಭದ್ರಾ ಕಾಲುವೆಯ ಕೊನೆ ಭಾಗ. ಒಂದೇ ಇಳಿಜಾರಿನಲ್ಲಿ ಮೂರು ಎಕರೆ: ಮೇಲಿನ ಒಂದು ಎಕರೆ ಕೆಂಪು ಮಸಾರಿ ಮಣ್ಣು, ಕೆಳಗಿನ ಎರಡು ಎಕರೆ ಕಪ್ಪು ಎರೆ ಮಣ್ಣು. ಮಣ್ಣು ಆರೋಗ್ಯ ಚೀಟಿಯಲ್ಲಿ ಹೀಗಿದೆ (ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, ಇಸಿ ಅಂದರೆ ಕರಗಿದ ಉಪ್ಪಿನ ಅಳತೆ):

ಮಸಾರಿ – ಪಿಎಚ್ 6.4, ಇಸಿ 0.12, ಸಾವಯವ ಇಂಗಾಲ ಶೇ. 0.31
ಎರೆ – ಪಿಎಚ್ 8.8, ಇಸಿ 0.6, ಸಾವಯವ ಇಂಗಾಲ ಶೇ. 0.42

ಎರೆಯಲ್ಲಿ ಒಂದು ಹದ ಮಳೆ ಬಿದ್ದರೂ ನೀರು ಎರಡು ಮೂರು ದಿನ ನಿಲ್ಲುತ್ತೆ. ಇಂಗಿದ ಮೇಲೆ ಮೇಲ್ಪದರ ಹೆಪ್ಪುಗಟ್ಟಿ ಮೆಕ್ಕೆಜೋಳದ ಮೊಳಕೆ ಏಳೋದಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಸಾರಿಯದು ಇದಕ್ಕೆ ತದ್ವಿರುದ್ಧ: ನಾಲ್ಕು ದಿನ ಮಳೆ ತಪ್ಪಿದರೆ ಪೈರು ಬಾಡುತ್ತೆ, ಹಾಕಿದ ಯೂರಿಯಾ ಒಂದು ಜೋರು ಮಳೆಗೆ ಹೋಗುತ್ತೆ.

ಊರಲ್ಲಿ ಮೂರು ಸಲಹೆ ಬಂದಿವೆ. ಎರೆಗೆ ಮರಳು ಹೊಡೆಸು ಅಂತ ಒಬ್ಬರು, ಸುಣ್ಣ ಹಾಕು ಅಂತ ಇನ್ನೊಬ್ಬರು, ಮಸಾರಿಗೆ ಕೆರೆ ಹೂಳು ಹೊಡೆಸು ಅಂತ ಮತ್ತೊಬ್ಬರು. ಯಾವುದು ಸರಿ, ಯಾಕೆ ಸರಿ ಅಂತ ತಿಳಿದವರು ಹೇಳಿ. ಹಣ ಹಾಕೋದಕ್ಕೆ ಮುಂಚೆ ಅರ್ಥ ಮಾಡಿಕೊಳ್ಳಬೇಕು.

---

ಕಣಲೆಕ್ಕ

ಮೊದಲು ಮರಳಿನ ವಿಷಯ. ದಯವಿಟ್ಟು ಹಾಕಿಸಬೇಡಿ. ಕಾರಣ ತೂಕದ ಲೆಕ್ಕದಲ್ಲೇ ಇದೆ.

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆಜಿ, ಅಂದರೆ 900 ಟನ್ ತೂಗುತ್ತೆ. ನಿಮ್ಮ ಎರೆಯಲ್ಲಿ ಜೇಡಿ ಶೇ. 55 ಇದೆ ಅಂತ ಇಟ್ಟುಕೊಳ್ಳಿ. ಅದನ್ನು 45ಕ್ಕೆ ಇಳಿಸೋಕೆ ಎಕರೆಗೆ 200 ಟನ್ ಮರಳು ಬೇಕು. ಮೂರು ಟನ್ ಹಿಡಿಸುವ ಟ್ರೈಲರ್ ಆದರೆ 66-67 ಲೋಡು. ಅಷ್ಟು ಹಾಕಿದ ಮೇಲೂ ಶೇ. 45 ಜೇಡಿ ಇರುವ ಮಣ್ಣು ಎರೆಯೇ, ಬೇರೇನೂ ಆಗಲ್ಲ. ಹತ್ತು ಲೋಡು ಹಾಕಿದರೆ ಇನ್ನೂ ಕಷ್ಟ: ಮರಳಿನ ಕಾಳುಗಳು ಒಂದಕ್ಕೊಂದು ತಾಗದೆ ಜೇಡಿಯೊಳಗೆ ಹೂತುಕೊಳ್ಳುತ್ತವೆ, ನೀರಿಗೆ ದಾರಿ ಆಗೋದಿಲ್ಲ, ಒಣಗಿದಾಗ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತೆ.

ಮಣ್ಣಿನಲ್ಲಿ ಮೂರು ಗಾತ್ರದ ಕಣ. 2 ಮಿ.ಮೀ.ಯಿಂದ 0.05 ಮಿ.ಮೀ.ವರೆಗೆ ಮರಳು, 0.05ರಿಂದ 0.002ರವರೆಗೆ ರೇವೆ, 0.002 ಮಿ.ಮೀ.ಗಿಂತ ಸಣ್ಣದು ಜೇಡಿ. ಮರಳು, ರೇವೆ ಎರಡೂ ಬಹುಪಾಲು ಪುಡಿಯಾದ ಕಲ್ಲು. ಜೇಡಿ ಹಾಗಲ್ಲ. ಕಲ್ಲಿನ ಖನಿಜಗಳು ಕರಗಿ ಹೊಸದಾಗಿ ಹರಳುಗಟ್ಟಿದ ತೆಳು ಹಾಳೆಗಳು ಅವು, ಮೈಮೇಲೆ ಋಣ ವಿದ್ಯುದಂಶ ಹೊತ್ತಿರುತ್ತವೆ. ಗೊಬ್ಬರ ಹಿಡಿಯೋದು, ನೀರು ಹಿಡಿಯೋದು, ಉಬ್ಬೋದು, ಬಿರಿಯೋದು ಎಲ್ಲ ಈ ಹಾಳೆಗಳ ಕೆಲಸ. 1 ಮಿ.ಮೀ. ಮರಳು ಒಂದು ಗ್ರಾಂ ತಗೊಂಡರೆ ಎಲ್ಲ ಕಾಳುಗಳ ಮೇಲ್ಮೈ ಸೇರಿ ಸುಮಾರು 23 ಚದರ ಸೆಂ.ಮೀ., ಬೆಂಕಿಪೊಟ್ಟಣದ ಒಂದು ಮುಖಕ್ಕಿಂತ ತುಸು ದೊಡ್ಡದು, ಅಷ್ಟೇ. ಎರೆಯಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿ, ಶುದ್ಧವಾಗಿದ್ದರೆ, ಗ್ರಾಂಗೆ 800 ಚದರ ಮೀಟರ್‌ವರೆಗೂ ಹೋಗುತ್ತೆ. ಅಂದರೆ ಐದು ಗ್ರಾಂ, ಒಂದು ಟೀ ಚಮಚದಷ್ಟು ಜೇಡಿಯ ಹಾಳೆಗಳನ್ನೆಲ್ಲ ಬಿಚ್ಚಿ ಹಾಸಿದರೆ ಒಂದು ಎಕರೆ ತುಂಬುತ್ತೆ. ಅಂಥದ್ದರ ಮುಂದೆ ಹತ್ತು ಲೋಡು ಮರಳು ಏನು ಮಾಡೀತು?

ಒಂದೇ ಇಳಿಜಾರಿನಲ್ಲಿ ಎರಡು ಬಣ್ಣ ಯಾಕೆ ಅನ್ನೋದೂ ಇಲ್ಲೇ ಗೊತ್ತಾಗುತ್ತೆ. ಮೇಲ್ಭಾಗದಲ್ಲಿ ನೀರು ಬಸಿದು ಹೋಗುತ್ತೆ, ಸುಣ್ಣ, ಮೆಗ್ನೀಸಿಯಂ, ಸೋಡಿಯಂ ತೊಳೆದು ಹೋಗುತ್ತವೆ. ಉಳಿಯೋದು ಕೆಂಪು ಕಬ್ಬಿಣದ ಆಕ್ಸೈಡು ಮತ್ತು ಕೆಯೋಲಿನೈಟ್ ಅನ್ನೋ ಸಾಧು ಜೇಡಿ. ಅದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ನಡುವೆ ನೀರು ನುಗ್ಗಲ್ಲ, ಉಬ್ಬಲ್ಲ. ಮೇಲಿಂದ ತೊಳೆದು ಬಂದದ್ದೆಲ್ಲ ತಗ್ಗಿನಲ್ಲಿ ನಿಂತು, ಅಲ್ಲಿ ಸ್ಮೆಕ್ಟೈಟ್ ಹುಟ್ಟುತ್ತೆ. ಇದರ ಪದರಗಳ ನಡುವೆ ನೀರು ನುಗ್ಗುತ್ತೆ. ನೆನೆದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಆದ್ದರಿಂದ ಬಿರುಕು ಎರೆಯ ಸಹಜ ಗುಣ, ಅದನ್ನು ರೋಗ ಅಂದುಕೊಳ್ಳಬೇಡಿ. ನೀರು ಮೂರು ದಿನ ನಿಲ್ಲೋದು, ಮೇಲೆ ಹೆಪ್ಪುಗಟ್ಟೋದು ಮಾತ್ರ ರೋಗ ಇರಬಹುದು. ಅದನ್ನು ರಸಾಯನ ಗೊತ್ತಿರುವವರು ಹೇಳಲಿ.

---

ಲ್ಯಾಬ್ ಮೇಜು

ಮೇಲಿನವರು ಹೇಳಿದ್ದಕ್ಕೆ ಮುಂದುವರಿಕೆ. ಕಣದ ಗಾತ್ರ ನಾವು ಬದಲಿಸೋಕೆ ಆಗಲ್ಲ. ಕಣಕ್ಕೆ ಏನು ಅಂಟಿಕೊಂಡಿದೆ ಅನ್ನೋದನ್ನು ಬದಲಿಸಬಹುದು. ನಿಮ್ಮ ಎರೆಯ ಪ್ರಶ್ನೆ ಎರಡನೆಯದು ಅಂತ ನನ್ನ ಅನುಮಾನ.

ಸುಣ್ಣ ಬೇಡವೇ ಬೇಡ. ಸುಣ್ಣ ಹುಳಿ ಮಣ್ಣಿಗೆ, ಮಲೆನಾಡಿನ ಕಡೆ ಪಿಎಚ್ 5ರ ಆಸುಪಾಸು ಇರುವ ತೋಟಗಳಿಗೆ. ಸುಣ್ಣದ ಕಲ್ಲಿನ ಪುಡಿ 8ಕ್ಕಿಂತ ಮೇಲಿನ ಪಿಎಚ್‌ನಲ್ಲಿ ಕರಗೋದೇ ಇಲ್ಲ ಅನ್ನಬಹುದು, ಹಾಕಿದ್ದು ಹಾಗೇ ಬಿದ್ದಿರುತ್ತೆ. ಅರಳಿಸಿದ ಸುಣ್ಣ ಹಾಕಿದರೆ ಪಿಎಚ್ ಇನ್ನೂ ಏರುತ್ತೆ. ನಿಮ್ಮ ಮಸಾರಿಗೂ 6.4ಕ್ಕೆ ಸುಣ್ಣ ಅನಗತ್ಯ.

ಪಿಎಚ್ 8.8 ಯಾಕೆ ಮುಖ್ಯ ಅಂದರೆ, ಮಣ್ಣಿನಲ್ಲಿ ಬರೀ ಸುಣ್ಣದ ಹರಳು ಇದ್ದರೆ ಪಿಎಚ್ ಸುಮಾರು 8.4ರ ಹತ್ತಿರ ನಿಲ್ಲುತ್ತೆ. 8.5 ದಾಟಿದೆ ಅಂದರೆ ಸೋಡಿಯಂ ಕಾರ್ಬೊನೇಟು ಇದೆ, ಜೇಡಿಯ ಮೈಗೆ ಸೋಡಿಯಂ ಅಂಟಿದೆ ಅಂತ ಸುಳಿವು. ಇಸಿ 0.6 ಅಷ್ಟೇ ಇರೋದರಿಂದ ಇದು ಉಪ್ಪು ತುಂಬಿದ ಸವಳು ಅಲ್ಲ, ಕರಲು, ಅಂದರೆ ಸೋಡಿಯಂ ಅಂಟಿ ಕೆಟ್ಟ ಮಣ್ಣು.

ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ, ಎರಡು ಹಾಳೆಗಳನ್ನು ಹತ್ತಿರ ಎಳೆದು ಹಿಡಿಯುತ್ತೆ, ಮಣ್ಣು ಕಾಳುಕಾಳಾಗಿ ಇರುತ್ತೆ. ಸೋಡಿಯಂಗೆ ಒಂದೇ, ಅದೂ ಸುತ್ತ ನೀರಿನ ದಪ್ಪ ಕವಚ ಹೊದ್ದುಕೊಂಡಿರುತ್ತೆ. ಹಾಳೆಗಳು ದೂರ ಸರಿದು ಬಿಡಿಬಿಡಿಯಾಗಿ ನೀರಲ್ಲಿ ತೇಲುತ್ತವೆ. ತೇಲಿದ ಜೇಡಿ ಕೆಳಗಿನ ಸಣ್ಣ ರಂಧ್ರಗಳಿಗೆ ಹೋಗಿ ಕೂರುತ್ತೆ, ದಾರಿ ಮುಚ್ಚುತ್ತೆ. ನೀರು ನಿಲ್ಲೋದು, ಹೆಪ್ಪುಗಟ್ಟೋದು ಎರಡಕ್ಕೂ ಇದೇ ಕಾರಣ.

ಲ್ಯಾಬಿಗೆ ಹೋಗುವ ಮೊದಲು ಮನೆಯಲ್ಲೇ ನೋಡಿ. ಬೇಕಾಗೋದು ಪಾರದರ್ಶಕ ಗಾಜಿನ ಲೋಟ ಮತ್ತು ಮಳೆನೀರು. ಮಳೆನೀರು ಇಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ನಡೆಯುತ್ತೆ. ಪೂರ್ತಿ ಒಣಗಿದ ಹೆಂಟೆಯಿಂದ ಕಡಲೆಕಾಳಿನ ಗಾತ್ರದ ಮೂರು ತುಂಡು ಮುರಿದು, ಉಗುರಲ್ಲಿ ಹಿಂಡದೆ, ನೀರಿನ ತಳಕ್ಕೆ ಮೆಲ್ಲಗೆ ಬಿಡಿ. ಲೋಟ ಅಲ್ಲಾಡಿಸಬಾರದು. ಎರಡು ಗಂಟೆಗೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ನೋಡಿ.

ತುಂಡು ಕುಸಿದು ಪುಟ್ಟ ಗುಡ್ಡೆಯಾಗಿ, ಸುತ್ತಲ ನೀರು ತಿಳಿಯಾಗೇ ಇದ್ದರೆ ಸಾವಯವ ಅಂಶ ಕಮ್ಮಿ ಅಂತ, ಕೊಟ್ಟಿಗೆ ಗೊಬ್ಬರ ಕೇಳುವ ಮಣ್ಣು. ತುಂಡಿನ ಸುತ್ತ ಹಾಲಿನಂಥ ಮಬ್ಬು ಎದ್ದು ಲೋಟದ ತಳದಲ್ಲಿ ಹರಡಿದರೆ ಸೋಡಿಯಂ. ಎರಡೂ ಆಗದೆ ತುಂಡು ಹಾಗೇ ಕೂತಿದ್ದರೆ, ಅದೇ ಮಣ್ಣನ್ನು ಒದ್ದೆ ಮಾಡಿ ಚೆನ್ನಾಗಿ ನಾದಿ ಉಂಡೆ ಕಟ್ಟಿ ಮತ್ತೆ ಬಿಡಿ. ಆಗ ಮಬ್ಬು ಎದ್ದರೆ, ಹಸಿ ಇರುವಾಗ ಉಳುಮೆ ಮಾಡಬಾರದ ಮಣ್ಣು ಅಂತ ತಿಳಿಯಿರಿ.

ಕೊಳವೆಬಾವಿ ನೀರು ಮಾತ್ರ ಬಳಸಬೇಡಿ. ಅದರಲ್ಲಿರುವ ಉಪ್ಪೇ ಜೇಡಿಯನ್ನು ಗಂಟು ಕಟ್ಟಿಸಿ ನೀರು ತಿಳಿಯಾಗಿ ಕಾಣುವ ಹಾಗೆ ಮಾಡುತ್ತೆ, ಸೋಡಿಯಂ ಇದ್ದರೂ ಸಿಕ್ಕಿಬೀಳಲ್ಲ. ಬಹಳ ಜನ ತಪ್ಪೋದು ಇಲ್ಲೇ.

---

ಚಳ್ಳಕೆರೆ ಶೇಂಗಾ

ಜೇಡಿ ಎಷ್ಟಿದೆ ಅಂತ ಬಾಟಲಿಯಲ್ಲೇ ನೋಡಬಹುದಲ್ಲ ಸರ್? ಮಣ್ಣು, ನೀರು, ಒಂದು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ ಹತ್ತು ನಿಮಿಷ ಕುಲುಕಿ ಇಡೋದು. ಒಂದು ನಿಮಿಷಕ್ಕೆ ಕೂತದ್ದು ಮರಳು, ಎರಡು ಗಂಟೆಗೆ ಕೂತದ್ದು ರೇವೆ, ಆಮೇಲಿನದು ಜೇಡಿ. ಪದರ ಅಳತೆ ಮಾಡಿದರೆ ಶೇಕಡಾವಾರು ಬಂತು.

---

ಕಣಲೆಕ್ಕ

ಮಸಾರಿಗೆ ಅಂದಾಜಿಗೆ ನಡೆಯುತ್ತೆ ಅಣ್ಣ. ಎರೆಗೆ ಕೈಕೊಡುತ್ತೆ, ಎರಡು ಕಾರಣಕ್ಕೆ.

ಒಂದು, ನಮ್ಮ ಕಡೆ ಎರೆಯಲ್ಲಿ ಸುಣ್ಣದ ಹರಳು ಬೆರೆತಿರುತ್ತೆ. ಅದರ ಕ್ಯಾಲ್ಸಿಯಂ ಜೇಡಿಯನ್ನು ಗಂಟು ಕಟ್ಟಿಸುತ್ತೆ, ಗಂಟು ರೇವೆಯ ವೇಗದಲ್ಲಿ ಕೂತುಬಿಡುತ್ತೆ. ಅರ್ಧ ಗಂಟೆಯಲ್ಲಿ ಮೇಲಿನ ನೀರು ತಿಳಿಯಾಯಿತು ಅಂದರೆ ಲೆಕ್ಕ ಕೆಟ್ಟಿತು ಅಂತಲೇ ಅರ್ಥ. ಎರಡು, ಹೊಸದಾಗಿ ಕೂತ ಜೇಡಿ ನೀರು ತುಂಬಿಕೊಂಡು ಹೂವಿನ ಹಾಗೆ ಉಬ್ಬಿರುತ್ತೆ. ಪದರದ ಎತ್ತರ ತೂಕವನ್ನು ತೋರಿಸಲ್ಲ. ಲ್ಯಾಬಿನವರು ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಗಂಟು ಬಿಡಿಸಿ ಹೈಡ್ರೋಮೀಟರ್ ಇಳಿಸೋದು ಅದಕ್ಕೇ. 0.002 ಮಿ.ಮೀ. ಕಣ 20 ಡಿಗ್ರಿ ನೀರಲ್ಲಿ 10 ಸೆಂ.ಮೀ. ಇಳಿಯೋಕೆ ಎಂಟು ಗಂಟೆ ಹತ್ತಿರ ಬೇಕು, ಹಾಗಾಗಿ ಎರಡು ಗಂಟೆಯ ಗೆರೆಯೂ ಅಂದಾಜೇ.

ಹೊಲದಲ್ಲಿ ಬೆರಳೇ ವಾಸಿ. ಒಂದು ಹಿಡಿ ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಎರೆ ನೀರು ಕುಡಿಯೋದು ನಿಧಾನ, ಐದು ನಿಮಿಷವಾದರೂ ನಾದಬೇಕು, ಇಲ್ಲದಿದ್ದರೆ ಒಳಗಿನ ಸಣ್ಣ ಗಂಟುಗಳು ಮರಳಿನ ಹಾಗೆ ಕೈಗೆ ಸಿಗುತ್ತವೆ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತ ಪಟ್ಟಿಯ ಹಾಗೆ ಹೊರಗೆ ತಳ್ಳಿ. 2.5 ಸೆಂ.ಮೀ. ಆಗೋದರೊಳಗೆ ಮುರಿದರೆ ಗೋಡು (ಮರಳು, ರೇವೆ, ಜೇಡಿ ಬೆರೆತ ಮಣ್ಣು), 5 ಸೆಂ.ಮೀ. ಒಳಗೆ ಮುರಿದರೆ ಜೇಡಿಗೋಡು, ಅದನ್ನೂ ದಾಟಿ ಇಳಿಬಿದ್ದರೆ ಜೇಡಿ.

---

ಎರೆಹೊಲ ಹರಿಹರ

ಲೋಟದ ಪರೀಕ್ಷೆ ಎರಡು ನೀರಲ್ಲೂ ಮಾಡಿದೆ ಸರ್. ಕೊಳವೆಬಾವಿ ನೀರಲ್ಲಿ ಎರೆ ಕುಸಿಯಿತು, ನೀರು ತಿಳಿಯಾಗೇ ಇತ್ತು. ಘಟಕದ ನೀರಲ್ಲಿ ಎರಡು ಗಂಟೆಗೇ ಸುತ್ತ ಬೂದು ಮಬ್ಬು, ಬೆಳಿಗ್ಗೆ ಅರ್ಧ ಲೋಟ ಮಜ್ಜಿಗೆಯ ಹಾಗಿತ್ತು. ಮಸಾರಿ ಎರಡರಲ್ಲೂ ಕುಸಿದು ತಿಳಿಯಾಗೇ ಉಳಿಯಿತು. ಬೆರಳ ಪಟ್ಟಿ: ಎರೆ 7 ಸೆಂ.ಮೀ., ಮಸಾರಿ 1.5ಕ್ಕೆ ಮುರಿಯಿತು. ಸೋಡಿಯಂ ಬಿಡಿಸೋಕೆ ಜಿಪ್ಸಂ (ಕ್ಯಾಲ್ಸಿಯಂ ಸಲ್ಫೇಟ್) ಹಾಕಬೇಕಂತೆ, ಎಷ್ಟು ಹಾಕಲಿ? ಅಂಗಡಿಯಲ್ಲಿ ಎಕರೆಗೆ ಎರಡು ಚೀಲ ಸಾಕು ಅಂತಾರೆ.

---

ಲ್ಯಾಬ್ ಮೇಜು

ಎರಡು ಚೀಲ, ಅಂದರೆ 100 ಕೆಜಿ, ಬೆಳೆಗೆ ಗಂಧಕ ಮತ್ತು ಕ್ಯಾಲ್ಸಿಯಂ ಒದಗಿಸುವ ಪೋಷಕಾಂಶದ ಪ್ರಮಾಣ. ಕರಲು ಸುಧಾರಣೆಗೆ ಅದು ಯಾವ ಮೂಲೆಗೂ ಸಾಲದು.

ಲೆಕ್ಕಕ್ಕೆ ಎರಡು ಅಂಕಿ ಬೇಕು: ಮಣ್ಣಿನ ಧನ ಅಯಾನು ವಿನಿಮಯ ಸಾಮರ್ಥ್ಯ (ಕ್ಯಾಲ್ಸಿಯಂ, ಸೋಡಿಯಂನಂಥ ಧನ ವಿದ್ಯುದಂಶದ ಕಣಗಳನ್ನು ಮಣ್ಣು ಎಷ್ಟು ಹಿಡಿಯುತ್ತೆ ಅನ್ನೋದು, ಸೆಂಟಿಮೋಲ್ ಲೆಕ್ಕದಲ್ಲಿ ಅಳೆಯುತ್ತಾರೆ), ಮತ್ತು ಅದರಲ್ಲಿ ಸೋಡಿಯಂ ಶೇಕಡಾ ಎಷ್ಟು. ನಿಮ್ಮ ಚೀಟಿಯಲ್ಲಿ ಪಿಎಚ್, ಇಸಿ, ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಹೀಗೆ 12 ಅಂಶ ಇರುತ್ತವೆ. ಈ ಎರಡು ಇರೋದಿಲ್ಲ. ಮಾದರಿ ಕೊಡುವಾಗ ‘ವಿನಿಮಯ ಸೋಡಿಯಂ ಮತ್ತು ಜಿಪ್ಸಂ ಅಗತ್ಯ’ ಅಂತ ಬರೆಸಿ ಪ್ರತ್ಯೇಕವಾಗಿ ಕೇಳಬೇಕು. ಸೋಡಿಯಂ ಶೇ. 15 ದಾಟಿದರೆ ಕರಲು ಅಂತ ಲೆಕ್ಕ. ನಿಮ್ಮಂಥ ಗಟ್ಟಿ ಎರೆಯಲ್ಲಿ ಅದಕ್ಕಿಂತ ಕಮ್ಮಿ ಇದ್ದಾಗಲೂ ತೊಂದರೆ ಕಾಣುತ್ತೆ.

ಉದಾಹರಣೆಗೆ ಮಾತ್ರ: ಸಾಮರ್ಥ್ಯ ಕಿಲೋಗೆ 45 ಸೆಂಟಿಮೋಲ್, ಸೋಡಿಯಂ ಶೇ. 20 ಅಂತ ವರದಿ ಬಂತು ಅನ್ನಿ. ಸೋಡಿಯಂ 9 ಸೆಂಟಿಮೋಲ್ ಆಯಿತು. ಶೇ. 10ಕ್ಕೆ ಇಳಿಸಬೇಕಾದರೆ 4.5 ತೆಗೆಯಬೇಕು. ಒಂದು ಎಕರೆಯ 15 ಸೆಂ.ಮೀ. ಆಳಕ್ಕೆ ಒಂದು ಸೆಂಟಿಮೋಲ್ ತೆಗೆಯೋಕೆ ಶುದ್ಧ ಜಿಪ್ಸಂ ಸುಮಾರು 775 ಕೆಜಿ ಬೇಕು. 4.5ಕ್ಕೆ ಹತ್ತಿರ ಹತ್ತಿರ ಮೂರೂವರೆ ಟನ್. ಚೀಲದ ಮೇಲೆ ಶುದ್ಧತೆ ಶೇ. 75 ಅಂತಿದ್ದರೆ 4.65 ಟನ್. ಒಂದೇ ವರ್ಷ ಹಾಕಬೇಕಿಲ್ಲ, ಅರ್ಧರ್ಧ ಮಾಡಿ ಎರಡು ವರ್ಷಕ್ಕೆ ಹಂಚಿ.

ಆದರೆ ಅದಕ್ಕೂ ಮೊದಲು ಬಸಿಗಾಲುವೆ. ಜಿಪ್ಸಂನ ಕ್ಯಾಲ್ಸಿಯಂ ಜೇಡಿಯ ಮೇಲೆ ಕೂತಾಗ ಹೊರಬಂದ ಸೋಡಿಯಂ, ಸಲ್ಫೇಟಿನ ಜೊತೆ ಸೇರಿ ನೀರಲ್ಲಿ ಕರಗಿರುತ್ತೆ. ಆ ನೀರು ಹೊಲ ಬಿಟ್ಟು ಹೋಗಬೇಕು. ಹೋಗದಿದ್ದರೆ ಬೇಸಿಗೆಯಲ್ಲಿ ಅದೇ ಸೋಡಿಯಂ ಮೇಲೆ ಬರುತ್ತೆ. ನೀವಿರೋದು ಕಾಲುವೆಯ ಕೊನೆ ಭಾಗ, ಕೆಳಗಿನ ಮೂಲೆಯಲ್ಲಿ ಆರು ಅಡಿ ಗುಂಡಿ ತೋಡಿ ಒಂದು ದಿನ ಬಿಟ್ಟು ನೋಡಿ. ಮೂರು ಅಡಿಯೊಳಗೆ ನೀರು ನಿಂತಿದ್ದರೆ ಮೊದಲು ಕೆಳಬದುವಿನ ಗುಂಟ ಆಳವಾದ ಬಸಿಗಾಲುವೆ ತೆಗೆಸಿ. ಅಲ್ಲಿವರೆಗೆ ಜಿಪ್ಸಂ ದುಡ್ಡು ಕಟ್ಟಿಡಿ.

ಆಮೇಲೆ: ಬೇಸಿಗೆಯಲ್ಲಿ ಹೊಲ ಸಮ ಮಾಡಿ, ಮಳೆಗಾಲಕ್ಕೆ ಮುಂಚೆ ಪುಡಿ ಜಿಪ್ಸಂ ಸಮನಾಗಿ ಎರಚಿ, ಮೇಲಿನ ನಾಲ್ಕೈದು ಇಂಚಿನಲ್ಲಷ್ಟೇ ಕುಂಟೆಯಿಂದ ಬೆರೆಸಿ. ಆಳಕ್ಕೆ ಮಗುಚಬೇಡಿ. ಜಿಪ್ಸಂ ಕರಗೋದು ಲೀಟರಿಗೆ ಎರಡೂವರೆ ಗ್ರಾಂ ಅಷ್ಟೇ. ಒಂದು ಟನ್ ಕರಗೋಕೆ ಎಕರೆ ತುಂಬ ನಾಲ್ಕು ಇಂಚು ನೀರು ಬೇಕು. ಜೇಡಿ ಕ್ಯಾಲ್ಸಿಯಂ ಎಳೆದುಕೊಳ್ಳುತ್ತಾ ಇರೋದರಿಂದ ಹೊಲದಲ್ಲಿ ಲೆಕ್ಕಕ್ಕಿಂತ ಸ್ವಲ್ಪ ಬೇಗ ಆಗುತ್ತೆ. ಸಣ್ಣ ಬದು ಕಟ್ಟಿ ಮಳೆನೀರನ್ನು, ಕಾಲುವೆ ನೀರನ್ನು ನಿಲ್ಲಿಸಿ ಇಂಗಿಸಿ. ನಂತರ ಎಕರೆಗೆ 20 ಕೆಜಿ ಡಯಾಂಚ ಅನ್ನೋ ಹಸಿರೆಲೆ ಗೊಬ್ಬರದ ಬೀಜ ಬಿತ್ತಿ 45 ದಿನಕ್ಕೆ ಮಣ್ಣಿಗೆ ಸೇರಿಸಿ. ಅದು ಕರಲನ್ನು ತಾಳಿಕೊಂಡು ಬೆಳೆಯುತ್ತೆ, ಬೇರು ದಾರಿ ಮಾಡುತ್ತೆ, ಕೊಳೆಯುವಾಗ ಬರುವ ಇಂಗಾಲಾಮ್ಲ ಮಣ್ಣಿನಲ್ಲೇ ಇರುವ ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತೆ.

ಇನ್ನೊಂದು. ಕೊಳವೆಬಾವಿ ನೀರಿನ ಪರೀಕ್ಷೆಯನ್ನೂ ಮಾಡಿಸಿ, ‘ಉಳಿಕೆ ಸೋಡಿಯಂ ಕಾರ್ಬೊನೇಟ್’ ಅಂತ ಕೇಳಿ. ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ಚಿಂತೆಯಿಲ್ಲ, 2.5 ದಾಟಿದರೆ ಆ ನೀರೇ ವರ್ಷವರ್ಷವೂ ಸೋಡಿಯಂ ತಂದು ಹಾಕುತ್ತೆ. ಜಿಪ್ಸಂ ಹಾಕಿ ಮತ್ತೆ ಅದೇ ನೀರು ಕಟ್ಟಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

---

ಜಗಳೂರು ಮಸಾರಿ

ಎಲ್ಲರೂ ಎರೆಯ ಹಿಂದೆ ಬಿದ್ದಿದ್ದೀರಿ, ಮಸಾರಿಯ ಮಾತು ನಾನು ಹೇಳ್ತೀನಿ. ಮೂರರಲ್ಲಿ ಕೆರೆ ಹೂಳಿನ ಸಲಹೆ ಒಂದೇ ಸರಿ, ಅದೂ ಲೆಕ್ಕ ತಿಳಿದು ಹಾಕಿದರೆ.

ಮಸಾರಿಯಲ್ಲಿ ಜೇಡಿ ಶೇ. 12, ಹೂಳಿನಲ್ಲಿ ಶೇ. 45 ಅಂದುಕೊಂಡರೆ, ಹೊಲದ ಜೇಡಿ 18ಕ್ಕೆ ಏರೋಕೆ ಎಕರೆಗೆ ಅದೇ 200 ಟನ್ ಬೇಕು. 50-60 ಟನ್, ಅಂದರೆ 17ರಿಂದ 20 ಲೋಡು ಹಾಕಿದರೆ ಜೇಡಿ ಶೇ. 14ರ ಸುತ್ತ ಬರುತ್ತೆ. ಮರಳಿಗೂ ಹೂಳಿಗೂ ವ್ಯತ್ಯಾಸ ಏನಪ್ಪಾ ಅಂದರೆ, ಎರೆಯೊಳಗೆ ಹೋದ ಮರಳು ಸುಮ್ಮನೆ ಕೂರುತ್ತೆ, ಮಸಾರಿಯೊಳಗೆ ಹೋದ ಹೂಳಿನ ಜೇಡಿ ದುಡಿಯುತ್ತೆ. ಎರಡೇ ಪಾಲು ಏರಿದರೂ ಗೊಬ್ಬರ ಹಿಡಿಯುವ ಶಕ್ತಿ ಕಣ್ಣಿಗೆ ಕಾಣುವಷ್ಟು ಏರುತ್ತೆ.

ಹೊಡೆಸುವ ಮೊದಲು ಹೂಳಿನ ಪಿಎಚ್, ಇಸಿ ನೋಡಿಸಿ, ಲೋಟದ ಪರೀಕ್ಷೆ ಅದಕ್ಕೂ ಮಾಡಿ. ಕೆರೆಯಂಗಳದಲ್ಲಿ ಬಿಳಿ ಉಪ್ಪು ಕಟ್ಟಿದ ಜಾಗದ್ದು ಬೇಡ. ಏಪ್ರಿಲ್-ಮೇನಲ್ಲಿ ತಂದು ಗುಡ್ಡೆ ಬಿಡದೆ ತಕ್ಷಣ ತೆಳ್ಳಗೆ ಹರಡಿ. ಬಿಸಿಲಿಗೆ ಒಣಗಿ, ಮೊದಲ ಮಳೆಗೆ ನೆನೆದು ಹೆಂಟೆ ತಾನಾಗಿ ಪುಡಿಯಾಗುತ್ತೆ. ಆಗ ಕುಂಟೆ ಹೊಡೆಯಿರಿ. ಹಸಿ ಹೂಳನ್ನು ರೋಟವೇಟರ್ ಹಾಕಿ ಬೆರೆಸಲು ಹೋದರೆ ನಿಂಬೆಹಣ್ಣಿನಂಥ ಗಟ್ಟಿ ಉಂಡೆಗಳಾಗಿ ವರ್ಷಗಟ್ಟಲೆ ಹಾಗೇ ಉಳಿಯುತ್ತವೆ. ಖರ್ಚು ಉಳಿಸೋಕೆ ನಿಮ್ಮದೇ ಕೆಳಗಿನ ಎರೆಯನ್ನು ಮೇಲಕ್ಕೆ ಹೊಡೆಸುವ ಯೋಚನೆ ಬಂದರೆ ಬಿಟ್ಟುಬಿಡಿ, ಸೋಡಿಯಂ ಜೊತೆಗೇ ಮೇಲೆ ಬರುತ್ತೆ.

ಯೂರಿಯಾ ಹೋಗೋದಕ್ಕೆ ಬರೀ ಹೂಳು ಉತ್ತರವಲ್ಲ. ಯೂರಿಯಾಗೆ ವಿದ್ಯುದಂಶವಿಲ್ಲ, ನೀರಿನ ಜೊತೆ ಓಡುತ್ತೆ. ಕೆಲವು ದಿನದಲ್ಲಿ ಅಮೋನಿಯಂ ಆದಾಗ ಜೇಡಿಗೆ ಅಂಟುತ್ತೆ. ಮತ್ತೆ ನೈಟ್ರೇಟ್ ಆದಾಗ ಋಣ ವಿದ್ಯುದಂಶ, ಜೇಡಿಯೂ ಋಣ, ಎರಡೂ ದೂರ ದೂರ. ಆದ್ದರಿಂದ ಮಸಾರಿಯಲ್ಲಿ ಮೆಕ್ಕೆಜೋಳಕ್ಕೆ ಯೂರಿಯಾ ಮೂರು ಕಂತು ಮಾಡಿ. ಎರೆಯಲ್ಲಿ ಬೇರೆ ತೊಂದರೆ: ಪಿಎಚ್ 8.8ರಲ್ಲಿ ಮೇಲೆ ಎರಚಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಮೂಗಿಗೆ ಘಾಟು ಬಂತು ಅಂದರೆ ದುಡ್ಡು ಹೋಯಿತು. ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಿ.

ಎರೆಯ ಚೀಟಿಯಲ್ಲಿ ಸತು 0.6 ಪಿಪಿಎಂಗಿಂತ ಕೆಳಗಿದೆಯಾ ನೋಡಿ. ಇದ್ದರೆ ಎಕರೆಗೆ 8-10 ಕೆಜಿ ಸತುವಿನ ಸಲ್ಫೇಟ್, ಡಿಎಪಿ ಜೊತೆ ಬೆರೆಸದೆ. ಬೆರೆಸಿದರೆ ಸತು ರಂಜಕ ಎರಡೂ ಗಟ್ಟಿಕಟ್ಟಿ ಬೆಳೆಗೆ ಸಿಗಲ್ಲ.

---

ಎರೆಹೊಲ ಹರಿಹರ

ತುಂಬಾ ಉಪಕಾರ ಆಯಿತು. ಮರಳು, ಸುಣ್ಣ ಎರಡೂ ಬಿಟ್ಟೆ. ಈ ವಾರ ಮೂಲೆಯಲ್ಲಿ ಗುಂಡಿ ತೋಡಿಸ್ತೀನಿ. ಲ್ಯಾಬಿಗೆ ಎರೆಯ ಮಾದರಿ ಮತ್ತೆ ಹೇಗೆ ತೆಗೆಯಲಿ? ಹೋದ ಸಲ ಬದುವಿನ ಪಕ್ಕ ಒಂದೇ ಕಡೆ ತೆಗೆದು ಕೊಟ್ಟಿದ್ದು.

---

ಲ್ಯಾಬ್ ಮೇಜು

ಹಾಗಾದರೆ ಆ 8.8 ಅಂಕಿಯನ್ನೂ ಪೂರ್ತಿ ನಂಬಬೇಡಿ. ಬದು, ಗೊಬ್ಬರದ ಗುಡ್ಡೆ, ಮರದ ನೆರಳು, ಕಾಲುವೆಯ ಅಂಚು ಬಿಟ್ಟು ಅಂಕುಡೊಂಕಾಗಿ ನಡೆಯುತ್ತ ಎಕರೆಗೆ 10-15 ಕಡೆ ತೆಗೆಯಿರಿ. ಪ್ರತಿ ಕಡೆ ಆರು ಇಂಚಿನ ‘ವಿ’ ಆಕಾರದ ಗುಂಡಿ ತೋಡಿ, ಒಂದು ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದಿಂಚು ದಪ್ಪ ಹೋಳು ಕತ್ತರಿಸಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ತುಕ್ಕು ಹಿಡಿದ ಪುಟ್ಟಿ ಆದರೆ ಕಬ್ಬಿಣ, ಸತುವಿನ ಅಂಕಿ ಕೆಡುತ್ತೆ. ಎಲ್ಲ ಬೆರೆಸಿ ವೃತ್ತಾಕಾರವಾಗಿ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಬಿಸಾಡಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ. ಹಳೇ ಗೊಬ್ಬರದ ಚೀಲಕ್ಕೆ ತುಂಬಬೇಡಿ.

ನೀರು ಹೆಚ್ಚು ನಿಲ್ಲುವ ಜಾಗದ್ದನ್ನು ಬೇರೆ ಮಾದರಿ ಮಾಡಿ, ಚೆನ್ನಾಗಿರುವ ಕಡೆಯದರ ಜೊತೆ ಬೆರೆಸಬೇಡಿ. ಅಲ್ಲಿ ಮಾತ್ರ ಆರರಿಂದ ಹನ್ನೆರಡು ಇಂಚಿನ ಕೆಳಪದರದ್ದೂ ಒಂದು ಪೊಟ್ಟಣ ಬೇಕು. ಮೇಲಿಗಿಂತ ಕೆಳಗೆ ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಲೆಕ್ಕ ಬದಲಾಗುತ್ತೆ. ವರದಿ ಬಂದ ಮೇಲೆ ಅಂಕಿಗಳನ್ನು ಇಲ್ಲೇ ಹಾಕಿ, ಲೆಕ್ಕ ಮಾಡೋಣ.